ಒಮ್ಮೆಯೂ ಕೂಗದ ಡಿಟೆಕ್ಷನ್ ರೂಲ್‌ಗಳಿಗೆ ಹಣ ಕೊಡುವ ಮುನ್ನ

ಸರ್ವರ್‌ಗಳ ಭದ್ರತಾ ನಿಗಾವಣೆಯನ್ನು ಹೊರಗಿನ ಕಂಪನಿಗೆ ವಹಿಸುವ ಆಲೋಚನೆಯಲ್ಲಿರುವವರು, ಮತ್ತು ಈಗಾಗಲೇ ವಹಿಸಿ ತಿಂಗಳಿಗೊಮ್ಮೆ ಹಸಿರು ಬಣ್ಣದ ವರದಿ ಪಡೆಯುತ್ತಿರುವವರು, ಇದನ್ನು ಪೂರ್ತಿ ಓದಬೇಕೆಂದು ಕೋರುತ್ತೇನೆ. ನಾನು ಕೆಲಸ ಮಾಡುವ ಸಂಸ್ಥೆಯಲ್ಲಿ ಸರ್ವರ್‌ಗಳ ದೈನಂದಿನ ನಿರ್ವಹಣೆ ನಮ್ಮ ತಂಡದ್ದು. ಅವುಗಳ ಮೇಲೆ ಕಣ್ಣಿಡುವ ಹೊಣೆಯನ್ನು ಆಡಳಿತ ವರ್ಗ ಒಂದು ಸೇವಾ ಕಂಪನಿಗೆ ಒಪ್ಪಿಸಿತ್ತು. ನೂರಾರು ಡಿಟೆಕ್ಷನ್ ರೂಲ್‌ಗಳನ್ನು (ಸರ್ವರ್‌ನ ಚಟುವಟಿಕೆ ದಾಖಲಾಗುವ ಲಾಗ್‌ನಲ್ಲಿ ಸಂಶಯಾಸ್ಪದವಾದದ್ದು ಕಂಡರೆ ಅಲರ್ಟ್ ಎಂಬ ಎಚ್ಚರಿಕೆ ಕಳಿಸುವ ನಿಯಮಗಳನ್ನು) ಅಳವಡಿಸಿರುವುದಾಗಿ ಹೇಳುತ್ತಿದ್ದ ಆ ಕಂಪನಿ, ದಾಳಿಕೋರರ ತಂತ್ರಗಳನ್ನು ಪಟ್ಟಿ ಮಾಡುವ ಮೈಟರ್ ಅಟ್ಯಾಕ್ ಕೋಷ್ಟಕದ ಬಹುಪಾಲು ಚೌಕಗಳಿಗೆ ಬಣ್ಣ ತುಂಬಿದ ಚಿತ್ರವೊಂದನ್ನು ಪ್ರತಿ ವರದಿಗೂ ಲಗತ್ತಿಸುತ್ತಿತ್ತು. ಗಂಭೀರ ಅಲರ್ಟ್‌ಗಳ ಸಾಲಿನಲ್ಲಿ ಸೊನ್ನೆ ಇರುತ್ತಿತ್ತು. ಸಭೆಗಳಲ್ಲಿ ಆ ಸೊನ್ನೆಯನ್ನು ಒಳ್ಳೆಯ ಸುದ್ದಿಯೆಂದೇ ಓದಿ ಹೇಳಲಾಗುತ್ತಿತ್ತು.

ನಮ್ಮ ಸರ್ವರ್‌ಗಳಿಗೆ ಒಳನುಗ್ಗಿದವರ ಸುಳಿವು ಕೊನೆಗೂ ಸಿಕ್ಕಿದ್ದು ಲೆಕ್ಕಪತ್ರ ವಿಭಾಗದವರಿಂದ. ಬಿಲ್ಲಿಂಗ್ ಅಪ್ಲಿಕೇಶನ್ ತೆವಳುತ್ತಿದೆ ಎಂಬ ಅವರ ದೂರಿನ ಬೆನ್ನು ಹತ್ತಿ ಸರ್ವರ್ ತೆರೆದಾಗ, ಪ್ರೊಸೆಸರ್‌ನ ಬಹುಪಾಲನ್ನು ಕ್ರಿಪ್ಟೋಕರೆನ್ಸಿ ಮೈನಿಂಗ್ ಪ್ರೋಗ್ರಾಂ ಒಂದು ನುಂಗುತ್ತಿರುವುದು ಕಂಡಿತು. ವಿಂಡೋಸ್‌ನ ಸಿಸ್ಟಮ್ ಲಾಗ್‌ನಲ್ಲಿ, ಹೊಸ ಸರ್ವಿಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಸ್ಥಾಪನೆಯನ್ನು ಸೂಚಿಸುವ 7045 ಸಂಖ್ಯೆಯ ದಾಖಲೆಯೊಂದಿತ್ತು. ಸರ್ವಿಸ್‌ನ ಹೆಸರು ಅರ್ಥವಿಲ್ಲದ ಅಕ್ಷರಗಳ ಗುಂಪು. ಅದು ಚಲಾಯಿಸುತ್ತಿದ್ದದ್ದು ವಿಂಡೋಸ್‌ಗೆ ಆದೇಶ ಕೊಡುವ ಸಾಧನವಾದ ಪವರ್‌ಶೆಲ್ ಅನ್ನು, ಜೊತೆಗೆ 'ಮೈನಸ್ ಇ-ಎನ್-ಸಿ' ಎಂಬ ಸ್ವಿಚ್, ಅದರ ಹಿಂದೆ ಪರದೆಯ ಅಂಚು ದಾಟಿ ಹೋಗುವಷ್ಟು ಉದ್ದದ ಬೇಸ್64 (ಮಾಹಿತಿಯನ್ನು ಬೇರೆ ಅಕ್ಷರಗಳಿಗೆ ಬದಲಿಸಿ ಬರೆಯುವ ವಿಧಾನ) ಸಾಲು. ಅದನ್ನು ಬಿಡಿಸಿದರೆ, ಹೊರಗಿನ ವಿಳಾಸವೊಂದರಿಂದ ಕಡತ ಇಳಿಸಿಕೊಂಡು ಓಡಿಸುವ ಆದೇಶ. ಈ ಕ್ಷೇತ್ರಕ್ಕೆ ಹೊಸದಾಗಿ ಬಂದವರಿಗೂ ಮೊದಲ ವಾರದಲ್ಲೇ ಹೇಳಿಕೊಡುವಷ್ಟು ಹಳೆಯ ತಂತ್ರ ಇದು. ಇದನ್ನು ಹಿಡಿಯುವ ನಿಯಮ ಆ ಕಂಪನಿ ಕೊಟ್ಟ ಪಟ್ಟಿಯಲ್ಲೂ ಇತ್ತು, ಅದರ ಮುಂದೆ 'ಹೈ' ಎಂದೂ ಬರೆದಿತ್ತು.

ಹಾಗಿದ್ದೂ ಅದೇಕೆ ಕೂಗಲಿಲ್ಲ ಎಂದು ಕೆದಕುತ್ತಾ ಹೋದಾಗ ಒಂದರ ಹಿಂದೊಂದು ಕಾರಣ ಹೊರಬಿದ್ದವು. ವಿಂಡೋಸ್‌ನಲ್ಲಿ ಯಾವುದೇ ಪ್ರೋಗ್ರಾಂ ಶುರುವಾದಾಗ 4688 ಸಂಖ್ಯೆಯ ದಾಖಲೆ ಮೂಡುವಂತೆ ಮಾಡಬಹುದು, ಆದರೆ ಆ ಪ್ರೋಗ್ರಾಂ ಯಾವ ಪೂರ್ಣ ಆದೇಶದೊಂದಿಗೆ ಶುರುವಾಯಿತು ಎಂಬುದು ಅದರಲ್ಲಿ ತಾನಾಗಿ ಸೇರುವುದಿಲ್ಲ. ಆ ಪೂರ್ಣ ಆದೇಶವನ್ನು, ಅಂದರೆ ಕಮಾಂಡ್‌ಲೈನ್ ಅನ್ನು, ಸೇರಿಸುವ ಗ್ರೂಪ್ ಪಾಲಿಸಿಯನ್ನು (ಹಲವು ಯಂತ್ರಗಳಿಗೆ ಒಟ್ಟಿಗೆ ಅನ್ವಯಿಸುವ ವಿಂಡೋಸ್ ಸೆಟ್ಟಿಂಗ್) ಬೇರೆಯಾಗಿ ಆನ್ ಮಾಡಬೇಕು. ನಮ್ಮ ಸರ್ವರ್‌ಗಳಲ್ಲಿ ಅದು ಆನ್ ಆಗಿರಲಿಲ್ಲ, ಆನ್ ಮಾಡಿಕೊಡಿ ಎಂದು ನಿಯಮ ಅಳವಡಿಸಿದವರು ಕೇಳಿಯೂ ಇರಲಿಲ್ಲ. ದಾಖಲೆಯೊಂದನ್ನು ತೆರೆದರೆ 'ಪ್ರೊಸೆಸ್ ಕಮಾಂಡ್ ಲೈನ್' ಎಂಬ ಶೀರ್ಷಿಕೆ ಇರುತ್ತದೆ, ಅದರ ಮುಂದೆ ಏನೂ ಇರುವುದಿಲ್ಲ. ಆ ಖಾಲಿ ಜಾಗದಲ್ಲಿ ಸಂಶಯಾಸ್ಪದ ಪದಗಳನ್ನು ಹುಡುಕುವ ನಿಯಮಗಳು ಪಟ್ಟಿಯಲ್ಲಿ ಹತ್ತಾರು ಇದ್ದವು.

ಎರಡನೆಯದು ಇನ್ನೂ ನಯವಾದ ಎಡವಟ್ಟು. ಅವರ ನಿಯಮಗಳಲ್ಲಿ ಹೆಚ್ಚಿನವು ಸಿಗ್ಮಾ ಎಂಬ, ಡಿಟೆಕ್ಷನ್ ನಿಯಮಗಳನ್ನು ಬರೆಯುವ ಸಾಮಾನ್ಯ ಸ್ವರೂಪದ, ಯಾರು ಬೇಕಾದರೂ ಬಳಸಬಹುದಾದ ಸಾರ್ವಜನಿಕ ಸಂಗ್ರಹದಿಂದ ಬಂದವು. ಅದರಲ್ಲಿ ತಪ್ಪಿಲ್ಲ, ಅದು ಬಹಳ ಒಳ್ಳೆಯ ಸಂಗ್ರಹ. ಆದರೆ ಪ್ರೊಸೆಸ್‌ಗಳಿಗೆ ಸಂಬಂಧಿಸಿದ ಸಿಗ್ಮಾ ನಿಯಮಗಳು ವಿಂಡೋಸ್ ಚಟುವಟಿಕೆಗಳನ್ನು ದಾಖಲಿಸುವ ಸಿಸ್‌ಮಾನ್ ಎಂಬ ಉಪಕರಣದ ಅಂಕಣಗಳ ಹೆಸರುಗಳನ್ನು ಅನುಸರಿಸುತ್ತವೆ: ಪ್ರೋಗ್ರಾಂ ಕಡತದ ಹೆಸರಿರುವ ಅಂಕಣಕ್ಕೆ ಅಲ್ಲಿ 'ಇಮೇಜ್' ಎನ್ನುತ್ತಾರೆ. ವಿಂಡೋಸ್‌ನದೇ 4688 ದಾಖಲೆಯಲ್ಲಿ ಅದೇ ಮಾಹಿತಿ 'ನ್ಯೂಪ್ರೊಸೆಸ್‌ನೇಮ್' ಎಂಬ ಅಂಕಣದಲ್ಲಿರುತ್ತದೆ. ಸಿಸ್‌ಮಾನ್ ಇಲ್ಲದ ಜಾಗದಲ್ಲಿ ಈ ನಿಯಮಗಳನ್ನು ಬಳಸುವವರು ಒಂದನ್ನು ಇನ್ನೊಂದಕ್ಕೆ ಹೊಂದಿಸುವ ಮ್ಯಾಪಿಂಗ್ ಕೊಡಲೇಬೇಕು. ಕೊಡದಿದ್ದರೆ ಏನಾಗುತ್ತದೆ ಎಂಬುದೇ ಇಲ್ಲಿನ ಅಪಾಯ, ಏಕೆಂದರೆ ಇಲ್ಲದ ಅಂಕಣದಲ್ಲಿ ಹುಡುಕು ಎಂದಾಗ ಲಾಗ್ ಹುಡುಕಾಟದ ತಂತ್ರಾಂಶಗಳು ಸಾಮಾನ್ಯವಾಗಿ ದೋಷವೆಂದು ಹೇಳುವುದಿಲ್ಲ, ಏನೂ ಸಿಗಲಿಲ್ಲವೆಂದು ಹೇಳಿ ಸುಮ್ಮನಾಗುತ್ತವೆ. ಮ್ಯಾಪಿಂಗ್ ತಪ್ಪಿದ ನಿಯಮವೂ ನಿಜವಾಗಿ ಶಾಂತವಾಗಿರುವ ಸರ್ವರ್ ಕೂಡ ವರದಿಯಲ್ಲಿ ಒಂದೇ ಬಗೆಯ ಸೊನ್ನೆಯಾಗಿ ಕಾಣುತ್ತವೆ.

ಇವೆರಡನ್ನೂ ಸರಿಪಡಿಸಿದ್ದರೂ ಆ ನಿಯಮ ಈ ಆದೇಶವನ್ನು ಹಿಡಿಯುತ್ತಿರಲಿಲ್ಲ. ಅದು ಹುಡುಕುತ್ತಿದ್ದದ್ದು 'ಎನ್‌ಕೋಡೆಡ್‌ಕಮಾಂಡ್' ಎಂಬ ಪೂರ್ಣ ಪದವನ್ನು ಮಾತ್ರ. ಪವರ್‌ಶೆಲ್ ಆ ಪದದ ಮೊದಲ ಕೆಲವು ಅಕ್ಷರಗಳನ್ನಷ್ಟೇ ಬರೆದರೂ ಅರ್ಥಮಾಡಿಕೊಳ್ಳುತ್ತದೆ, ನಮ್ಮಲ್ಲಿ ಸಿಕ್ಕ 'ಇ-ಎನ್-ಸಿ' ಅಂಥದೇ ಮೊಟಕು ರೂಪ.

ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿದ್ದು ವಿನಾಯಿತಿಗಳ ಪಟ್ಟಿ. ಬ್ಯಾಕಪ್ ಕೆಲಸ ರಾತ್ರಿ ನಡೆಯುವಾಗ ಅದರ ಸರ್ವಿಸ್ ಖಾತೆ (ವ್ಯಕ್ತಿಯ ಬದಲು ಪ್ರೋಗ್ರಾಂ ಬಳಸುವ ಖಾತೆ) ಎಲ್ಲ ಸರ್ವರ್‌ಗಳಿಗೂ ಲಾಗಿನ್ ಆಗುವುದರಿಂದ ಆರಂಭದಲ್ಲಿ ಸುಳ್ಳು ಅಲರ್ಟ್‌ಗಳ ಸುರಿಮಳೆಯಾಗಿತ್ತಂತೆ. ಅದನ್ನು ತಗ್ಗಿಸಬೇಕಾದದ್ದು ಸರಿಯೇ. ಆದರೆ ಅವರು ಆ ಖಾತೆಯ ಹೆಸರನ್ನು ಎಲ್ಲ ನಿಯಮಗಳಿಂದಲೂ, ಎಲ್ಲ ಸರ್ವರ್‌ಗಳಲ್ಲೂ, ಎಲ್ಲ ಹೊತ್ತಿಗೂ ಹೊರಗಿಟ್ಟಿದ್ದರು. ಯಾರು ಸೇರಿಸಿದರು, ಏಕೆ, ಮರುಪರಿಶೀಲನೆ ಎಂದು ಎಂಬ ಟಿಪ್ಪಣಿ ಇರಲಿಲ್ಲ. ಒಳಗೆ ಬಂದವರು ಬಳಸಿದ್ದು ಅದೇ ಖಾತೆಯನ್ನು. 4624 ಸಂಖ್ಯೆಯ ಲಾಗಿನ್ ದಾಖಲೆಗಳಲ್ಲಿ ಲಾಗಿನ್‌ನ ಬಗೆಯನ್ನೂ ನಮೂದಿಸಿರುತ್ತಾರೆ: 3 ಎಂದರೆ ಜಾಲದ ಮೂಲಕ, 5 ಎಂದರೆ ಸರ್ವಿಸ್ ಆಗಿ, 10 ಎಂದರೆ ರಿಮೋಟ್ ಡೆಸ್ಕ್‌ಟಾಪ್ ಮೂಲಕ. ಬ್ಯಾಕಪ್ ಖಾತೆಯೊಂದು ರಿಮೋಟ್ ಡೆಸ್ಕ್‌ಟಾಪ್ ತೆರೆದು ಕೂರಲು ಯಾವ ಕಾರಣವೂ ಇಲ್ಲ, ಆದರೂ ನಮ್ಮಲ್ಲಿ ಆ ಖಾತೆಯ ಹೆಸರಿನ ಮುಂದೆ 10 ಎಂಬ ಅಂಕಿ ಸಾಲುಗಟ್ಟಿತ್ತು. ಖಾತೆ, ಪ್ರೋಗ್ರಾಂ, ಸರ್ವರ್, ಲಾಗಿನ್ ಬಗೆ ಈ ನಾಲ್ಕೂ ಹೊಂದಿದಾಗ ಮಾತ್ರ ವಿನಾಯಿತಿ ಎಂದು ಬರೆದಿದ್ದರೆ ಮೊದಲ ಸಲವೇ ಅಲರ್ಟ್ ಬರುತ್ತಿತ್ತು.

ಸೇವಾ ಕಂಪನಿಯವರನ್ನು ಕೇಳಿದಾಗ ಬಂದ ಲಿಖಿತ ಉತ್ತರ, ನಿಯಮ ಸಕ್ರಿಯವಾಗಿಯೇ ಇತ್ತು, ಒಪ್ಪಂದದಂತೆ ಸೇವೆ ಸಲ್ಲಿಸಲಾಗಿದೆ ಎಂಬುದಾಗಿತ್ತು. ಅಕ್ಷರಶಃ ನೋಡಿದರೆ ಅದು ಸುಳ್ಳಲ್ಲ. ಒಪ್ಪಂದದಲ್ಲಿ ನಿಯಮಗಳ ಸಂಖ್ಯೆಯಿತ್ತೇ ಹೊರತು, ಅವು ನಮ್ಮ ಲಾಗ್‌ಗಳ ಮೇಲೆ ಕೆಲಸ ಮಾಡಬೇಕೆಂಬ ಮಾತು ಎಲ್ಲೂ ಇರಲಿಲ್ಲ.

ಅಲರ್ಟ್ ಬಂದರೂ ಎಲ್ಲವೂ ಸರಿಹೋಗುತ್ತದೆಂದು ಹೇಳುತ್ತಿಲ್ಲ. ಅಮೆರಿಕದ ಟಾರ್ಗೆಟ್ ಮಳಿಗೆಗಳಿಂದ ಸುಮಾರು 4 ಕೋಟಿ ಪಾವತಿ ಕಾರ್ಡ್‌ಗಳ ಮಾಹಿತಿ ಕಳುವಾದ 2013ರ ಪ್ರಕರಣದಲ್ಲಿ, ನವೆಂಬರ್ 30ರಂದೇ ಅಲರ್ಟ್ ಬಂದಿತ್ತೆಂದೂ, ಬೆಂಗಳೂರಿನಲ್ಲಿ ಕುಳಿತು ನಿಗಾ ನೋಡುತ್ತಿದ್ದವರು ಅದನ್ನು ಮಿನಿಯಾಪೊಲಿಸ್‌ನ ಕೇಂದ್ರ ಕಚೇರಿಗೆ ತಿಳಿಸಿದ್ದರೆಂದೂ, ಅಲ್ಲಿ ಯಾರೂ ಕ್ರಮ ಕೈಗೊಳ್ಳಲಿಲ್ಲವೆಂದೂ 2014ರ ಮಾರ್ಚ್‌ನ ಪತ್ರಿಕಾ ವರದಿಗಳು ಹೇಳಿದವು. ಅಲ್ಲಿ ಕನಿಷ್ಠ ಎಲ್ಲಿ ಕೈತಪ್ಪಿತು ಎಂದು ತೋರಿಸುವ ಅಲರ್ಟ್ ಒಂದಿತ್ತು. ನಮ್ಮ ವಿಷಯದಲ್ಲಿ ತೋರಿಸಲು ಅದೂ ಇರಲಿಲ್ಲ.

ಆದ್ದರಿಂದ ನಿಯಮಗಳ ಪಟ್ಟಿಯನ್ನೋ ಬಣ್ಣದ ಚಿತ್ರವನ್ನೋ ಪುರಾವೆಯೆಂದು ಒಪ್ಪಿಕೊಳ್ಳಬೇಡಿ. ಲಿಖಿತ ಅನುಮತಿ ಪಡೆದು, ನಿಮ್ಮದೇ ಪರೀಕ್ಷಾ ಸರ್ವರ್ ಒಂದರಲ್ಲಿ ನಿರುಪದ್ರವಿ ಆದೇಶವನ್ನು ಓಡಿಸಿ ನೋಡಿ: ಲಾಗಿನ್ ಆಗಿರುವವರ ಹೆಸರನ್ನಷ್ಟೇ ಹೇಳುವ 'ಹೂಆಮ್‌ಐ' ಎಂಬುದನ್ನು ಬೇಸ್64ಗೆ ಬದಲಿಸಿ, ಮೊಟಕು ಸ್ವಿಚ್‌ನೊಂದಿಗೆ ಪವರ್‌ಶೆಲ್‌ಗೆ ಕೊಟ್ಟು, ಅಲರ್ಟ್ ಯಾರ ಕೈಗೆ ಎಷ್ಟು ಹೊತ್ತಿಗೆ ತಲುಪಿತೆಂದು ಬರೆದಿಡಿ. ಬೇರೆ ತಂತ್ರಗಳನ್ನು ಪರೀಕ್ಷಿಸಲು ಅಟಾಮಿಕ್ ರೆಡ್ ಟೀಮ್ ಎಂಬ ಉಚಿತ ಸಂಗ್ರಹವಿದೆ. ಹೀಗೆ ಒಮ್ಮೆಯೂ ಕೂಗಿಸಿ ನೋಡದ ನಿಯಮವನ್ನು ಬಿಲ್‌ನಲ್ಲಿ ಲೆಕ್ಕಕ್ಕೆ ಹಿಡಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕಮಾಂಡ್‌ಲೈನ್ ಖಾಲಿಯಿರುವ 4688 ದಾಖಲೆಗಳು ಯಾವ ಸರ್ವರ್‌ನಿಂದ ಬರುತ್ತಿವೆ ಎಂಬ ಪಟ್ಟಿಯನ್ನೂ ತರಿಸಿಕೊಳ್ಳಿ. ಆ ಪಾಲಿಸಿಯನ್ನು ಆನ್ ಮಾಡುವಾಗ ಒಂದು ಎಚ್ಚರಿಕೆ ಬೇಕು: ಆದೇಶದ ಸಾಲಿನಲ್ಲೇ ಪಾಸ್‌ವರ್ಡ್ ಬರೆಯುವ ಹಳೆಯ ಸ್ಕ್ರಿಪ್ಟ್‌ಗಳಿದ್ದರೆ ಆ ಪಾಸ್‌ವರ್ಡ್‌ಗಳೂ ಲಾಗ್ ಸೇರುತ್ತವೆ, ಹಾಗಾಗಿ ಲಾಗ್ ಓದುವ ಅಧಿಕಾರ ಯಾರ್ಯಾರಿಗಿದೆ ಎಂದು ಮೊದಲೇ ನೋಡಿಕೊಳ್ಳಬೇಕು.

ಇನ್ನು ಲಾಗ್ ಉಳಿಸುವ ಅವಧಿ. ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಇಂತಹ ಘಟನೆಗಳನ್ನು ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಉಳಿಸಿಕೊಂಡಿರಬೇಕು. ವರದಿ ಸಿದ್ಧಪಡಿಸಲು ಕುಳಿತಾಗಲೇ ನಮಗೆ ಗೊತ್ತಾಗಿದ್ದು, ಆ ಕಂಪನಿಯ ಸಂಗ್ರಹದಲ್ಲಿ ಉಳಿದಿದ್ದದ್ದು ಅದಕ್ಕಿಂತ ತೀರಾ ಕಡಿಮೆ ಅವಧಿಯ ಲಾಗ್ ಎಂದು. ಉಳಿದದ್ದಕ್ಕೆ ಹೆಚ್ಚಿನ ಶುಲ್ಕದ ಬೇರೆ ಯೋಜನೆ ಇತ್ತಂತೆ. ನಿಮ್ಮ ಪ್ರತಿ ಸರ್ವರ್‌ನ ಅತಿ ಹಳೆಯ ದಾಖಲೆಯೊಂದನ್ನು ಅವರ ಸಂಗ್ರಹದಿಂದ ತೆಗೆಸಿ, ಅದರ ದಿನಾಂಕವನ್ನು ನೀವೇ ನೋಡಿ. ನಮ್ಮಲ್ಲಿ ಸಿಕ್ಕ ಅತಿ ಹಳೆಯ ದಿನದ ಲಾಗ್‌ನಲ್ಲೇ ಬ್ಯಾಕಪ್ ಖಾತೆಯ ರಿಮೋಟ್ ಡೆಸ್ಕ್‌ಟಾಪ್ ಲಾಗಿನ್ ಇತ್ತು, ಆದ್ದರಿಂದ ಅವರು ಮೊದಲು ಒಳಬಂದದ್ದು ಯಾವಾಗ ಎಂಬ ಅಂಕಣವನ್ನು ನಾವು ವರದಿಯಲ್ಲಿ ತುಂಬಲಾಗಲಿಲ್ಲ.