ರಿವರ್ಟ್ ಮಾಡಿದ್ರೆ ಎಲ್ಲಾ ಮೊದಲಿನ ಹಾಗೆ ಆಗುತ್ತೆ ಅಂದ್ಕೊಂಡಿದ್ದೆ

ಓಪನ್ ಸೋರ್ಸ್‌ನಲ್ಲಿ, ಅಂದರೆ ಎಲ್ಲರೂ ಬಳಸಲಿ ಅಂತ ಕೋಡ್ ತೆರೆದಿಡುವ ಕಡೆ, ಚಿಕ್ಕಪುಟ್ಟದ್ದು ಬರೆದು ಹಾಕುವವರು ಇದನ್ನೊಮ್ಮೆ ಓದಿ. ತಪ್ಪು ಬೇರೆಯವರದ್ದಲ್ಲ, ನನ್ನದೇ.

ಕಲಬುರಗಿಯಲ್ಲಿ ತೊಗರಿ ಸುಗ್ಗಿ ಅಂದ್ರೆ ಗೊತ್ತಲ್ವಾ, ಡಿಸೆಂಬರ್ ಬಂತೆಂದರೆ ನೆಹರು ಗಂಜ್ ಕಡೆ ಕಾಲಿಡೋಕೂ ಜಾಗ ಇರಲ್ಲ. ಕಾಟಾದಿಂದ ಬರುವ ತೂಕ ಓದಿ ಬಿಲ್ಲಿಂಗ್‌ಗೆ ದಾಟಿಸುವ ಪುಟ್ಟ ಪೈಥಾನ್ ಲೈಬ್ರರಿಯೊಂದನ್ನು (ಬೇರೆಯವರು ತಮ್ಮ ಪ್ರೋಗ್ರಾಂನಲ್ಲಿ ಸೇರಿಸಿಕೊಳ್ಳುವ ಕೋಡ್) ಬರೆದು ಪೈಪಿಐಗೆ, ಅಂದರೆ ಇಂಥವನ್ನು ಎಲ್ಲರೂ ಇಳಿಸಿಕೊಳ್ಳುವ ತಾಣಕ್ಕೆ, ಹಾಕಿದ್ದೆ. ಇಲ್ಲಿನ ಒಂದೆರಡು ದಾಲ್ ಮಿಲ್‌ನವರು, ಬೀದರಿನ ಒಬ್ಬ ಅಡತಿಯವರು ಬಳಸುತ್ತಿದ್ದರು. ಅದು ತೂಕವನ್ನು ಕ್ವಿಂಟಲ್‌ನಲ್ಲಿ ಕೊಡುತ್ತಿತ್ತು. ಕಾಟಾ ಕೊಡೋದೇ ಕೆಜಿ, ಮಧ್ಯದಲ್ಲಿ ನಾನ್ಯಾಕೆ ನೂರರಿಂದ ಭಾಗಿಸಬೇಕು ಅಂತ ಒಂದು ರಾತ್ರಿ ಅನ್ನಿಸಿ ಆ ಒಂದು ಸಾಲನ್ನು ಅಳಿಸಿದೆ. ಆವೃತ್ತಿ ಸಂಖ್ಯೆ 1.4.2 ಇದ್ದದ್ದನ್ನು 1.4.3 ಮಾಡಿ ಬಿಟ್ಟು ಮಲಗಿದೆ. ಕೊನೆಯ ಅಂಕಿ ಮಾತ್ರ ಬದಲಾದರೆ ಬರೀ ದೋಷ ತಿದ್ದಿದ್ದಾರೆ ಅಂತ ಅರ್ಥ. ಹಳೆ ಕೋಡ್ ಮುರಿಯುತ್ತೆ ಅನ್ನೋದಾದರೆ ಮೊದಲ ಅಂಕಿ ಏರಬೇಕು, 2.0.0 ಆಗಬೇಕು. ಇದು ನನಗೆ ಗೊತ್ತಿತ್ತು, ಅದೇ ನಾಚಿಕೆ.

ಮರುದಿನ ಬೆಳಿಗ್ಗೆ ಮಿಲ್‌ನ ಮುನೀಮರ ಫೋನು. "ಏನ್ರಿ ಸರ, ಒಂದು ಟ್ರಾಕ್ಟರ್ ತೊಗರಿಗೆ ಮೂರು ಕೋಟಿ ಬಿಲ್ ಬಂದದ, ಮಷೀನಿಗಿ ಹುಚ್ಚ ಹಿಡದದ ಏನ್ರಿ?" 42.60 ಕ್ವಿಂಟಲ್, ಆ ವರ್ಷದ ಬೆಂಬಲ ಬೆಲೆ 7,550ರ ಲೆಕ್ಕದಲ್ಲಿ 3,21,630 ರೂಪಾಯಿ ಆಗಬೇಕಿತ್ತು. ಕೆಜಿಯನ್ನೇ ಕ್ವಿಂಟಲ್ ಅಂತ ಹಿಡಿದು ಚೀಟಿಯಲ್ಲಿ 3,21,63,000 ಬಂದಿತ್ತು. ಯಾವ ಎರರ್ರೂ ಇಲ್ಲ, ನೀಟಾಗಿ ಪ್ರಿಂಟ್ ಆಗಿತ್ತು.

ಕೈಕಾಲು ನಡುಗಿ ಸಂಜೆಯೊಳಗೆ ಗಿಟ್‌ನಲ್ಲಿ (ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಸಾಧನ) ರಿವರ್ಟ್ ಹೊಡೆದು, ಅಂದರೆ ಆ ಬದಲಾವಣೆ ವಾಪಸ್ ತೆಗೆದು, 1.4.4 ಬಿಟ್ಟೆ. ಮುಗೀತು ಅಂದುಕೊಂಡೆ. ಆದರೆ ಬೀದರಿನವರು ಅಷ್ಟರಲ್ಲೇ ತಪ್ಪು ನೋಡಿ, ನನಗೆ ಹೇಳದೆ, ತಮ್ಮ ಕೋಡ್‌ನಲ್ಲೇ ನೂರರಿಂದ ಭಾಗಿಸಿಕೊಂಡಿದ್ದರು. ಅವರ ಕಂಪ್ಯೂಟರು ಬೆಳಿಗ್ಗೆ ಆನ್ ಆದ ಕೂಡಲೇ ಹೊಸ ಆವೃತ್ತಿ ಇಳಿಸಿಕೊಳ್ಳುತ್ತೆ. ಮೊದಲು ಬಂದ ರೈತನಿಗೆ ಟ್ರಾಕ್ಟರ್ ತುಂಬ ತೊಗರಿಗೆ ಮೂರು ಸಾವಿರ ಚಿಲ್ಲರೆಯ ಚೀಟಿ ಸಿಕ್ಕಿತು. ಆತ ಚೀಟಿಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದನಂತೆ, ಉಳಿದದ್ದು ಅಲ್ಲಿರಬಹುದು ಅಂತ. ಎರಡೇ ದಿನದಲ್ಲಿ ಹಳೆ ಕೋಡನ್ನೂ ಮುರಿದೆ, ಹೊಸದಕ್ಕೆ ಹೊಂದಿಕೊಂಡವರನ್ನೂ ಮುರಿದೆ. ರಿವರ್ಟ್ ಕೂಡ ಒಂದು ಬದಲಾವಣೆಯೇ ಅಂತ ಅವತ್ತು ತಿಳಿಯಿತು.

ಡೇಟಾದ್ದು ಇನ್ನೂ ಜಾಸ್ತಿ ಗೋಳು. ಕೋಡ್ ಹಿಂದಕ್ಕೆ ಹೋಯಿತು, ಡೇಟಾಬೇಸ್‌ನಲ್ಲಿ ಬರೆದದ್ದು ಅಲ್ಲೇ ಉಳಿಯಿತು. ಕೆಲವು ಸಾಲು ಕೆಜಿ, ಕೆಲವು ಕ್ವಿಂಟಲ್, ಯಾವುದು ಏನು ಅಂತ ಹೇಳುವ ಕಾಲಮ್ಮೇ ಇಲ್ಲ. ಮುನೀಮರು ಕಾಗದದ ಚೀಟಿ ಒಂದೊಂದೇ ಓದಿದರು, ನಾನು ತಿದ್ದುತ್ತಾ ಹೋದೆ, ರಾತ್ರಿ ಹನ್ನೊಂದಾಯಿತು.

ನೀವು ಹೀಗೆ ಮಾಡಬೇಡಿ. ಹಳೆ ಫಂಕ್ಷನ್ ಮುಟ್ಟದೆ ಕೆಜಿಗೆ ಬೇರೆ ಹೆಸರಿನದ್ದೊಂದು ಸೇರಿಸಿದ್ದರೆ ಸಾಕಿತ್ತು. ಹಳೆಯದನ್ನು ತೆಗೆಯಲೇಬೇಕಾದರೆ ಮೊದಲು ಎಚ್ಚರಿಕೆ ಕೊಡಿ. ಪಾಂಡಾಸ್ ಅನ್ನೋ ಡೇಟಾ ಲೈಬ್ರರಿಯವರು ಡೇಟಾಫ್ರೇಮ್‌ನ (ಅದರ ಕೋಷ್ಟಕದ) ಅಪೆಂಡ್, ಅಂದರೆ ಸಾಲು ಸೇರಿಸುವ ಫಂಕ್ಷನ್, ಹೋಗುತ್ತೆ ಅಂತ 2022ರ ಜನವರಿಯಲ್ಲಿ 1.4ರಲ್ಲೇ ಹೇಳಿ, ತೆಗೆದದ್ದು 2023ರ ಏಪ್ರಿಲ್‌ನ 2.0ರಲ್ಲಿ. ಅಷ್ಟಾದರೂ ಬೈದವರಿದ್ದರು ಬಿಡಿ. ಇನ್ನೊಂದು, ಇದು ಮುಂದೆ ಹೋಗುತ್ತೆ ಅಂತ ಹೇಳುವ ಪೈಥಾನ್‌ನ ಡೆಪ್ರಿಕೇಶನ್ ವಾರ್ನಿಂಗ್ ಲೈಬ್ರರಿಯೊಳಗಿಂದ ಬಂದರೆ ಸಾಮಾನ್ಯವಾಗಿ ತೆರೆ ಮೇಲೆ ಕಾಣೋದೇ ಇಲ್ಲ. ಬಳಸುವವರ ಕಣ್ಣಿಗೆ ಬೀಳಬೇಕೆಂದರೆ ಫ್ಯೂಚರ್ ವಾರ್ನಿಂಗ್ ಹಾಕಿ.

ಕೆಟ್ಟ ಆವೃತ್ತಿ ಹೊರಬಿದ್ದರೆ ಪೈಪಿಐನಲ್ಲಿ ಅದನ್ನು ಯಾಂಕ್ ಮಾಡಿ. ಅದೇ ಸಂಖ್ಯೆ ಬೇಕೆಂದು ಬರೆದಿಟ್ಟವರಿಗೆ ಬಿಟ್ಟು ಬೇರೆಯವರಿಗೆ ಪಿಪ್ (ಪೈಪಿಐನಿಂದ ಇಳಿಸುವ ಸಾಧನ) ಅದನ್ನು ಇಳಿಸಲ್ಲ. ಈಗಾಗಲೇ ಇಳಿಸಿಕೊಂಡವರಿಗೆ ಮಾತ್ರ ನೀವೇ ಫೋನ್ ಮಾಡಬೇಕು.

ಮುಂದೆ 2.0ಗೆ, ಕೆಜಿ ಬದಲಾವಣೆ ಇದ್ದ ಅದೇ ಬ್ರಾಂಚನ್ನು (ಕೋಡಿನ ಕವಲನ್ನು) ಮುಖ್ಯ ಕೋಡಿಗೆ ಮತ್ತೆ ಮರ್ಜ್ ಮಾಡಿದರೆ, ಅಂದರೆ ಸೇರಿಸಿದರೆ, ಗಿಟ್ ಏನೂ ಹೊಸದಿಲ್ಲ ಅಂದಿತು. ಮರ್ಜನ್ನು ರಿವರ್ಟ್ ಮಾಡಿದರೂ ಇತಿಹಾಸದಲ್ಲಿ ಅದು ಸೇರಿದ್ದೇ ಲೆಕ್ಕ, ಹಾಗಾಗಿ ರಿವರ್ಟನ್ನೇ ರಿವರ್ಟ್ ಮಾಡಬೇಕಾಯಿತು.

ಬೀದರಿನವರು ಈಗ 1.4.2 ಒಂದೇ ಸಾಕು ಅಂತ ಫೈಲ್‌ನಲ್ಲಿ ಬರೆದಿಟ್ಟಿದ್ದಾರೆ. ಹೊಸದು ಹಾಕಿಕೊಳ್ಳಿ ಅಂದರೆ "ಸುಗ್ಗಿ ಮುಗೀಲಿ ಬಿಡ್ರಿ" ಅಂತಾರೆ. ಸುಗ್ಗಿ ಮುಗಿದು ಎಷ್ಟೋ ದಿನ ಆಯಿತು.