ಸೈನಿಕ ಹುಳುವಿಗೆ ಮೋಹಕ ಬಲೆ: ಒಂದು ಹಂಗಾಮಿನ ಅನುಭವ

ಅಮೆರಿಕ ಖಂಡ ಮೂಲದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡುಬಂದದ್ದು 2018ರಲ್ಲಿ, ನಮ್ಮ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ. ಅದರ ಸುಳಿವನ್ನು ಮೊದಲೇ ಹಿಡಿಯಲೆಂದು ಈ ಮುಂಗಾರಿನಲ್ಲಿ ಎಕರೆಗೆ ನಾಲ್ಕರಂತೆ ಮೋಹಕ ಬಲೆಗಳನ್ನು (ಹೆಣ್ಣು ಪತಂಗದ ವಾಸನೆಯ ಆಮಿಷವಿಟ್ಟು ಈ ಹುಳುವಿನ ಪತಂಗಗಳನ್ನು ಸೆಳೆಯುವ ಬಲೆ) ಕಟ್ಟಿದೆ. ಬಿತ್ತನೆಯಾದ ಎರಡನೇ ವಾರದಲ್ಲೇ ರೆಕ್ಕೆಯ ತುದಿಯಲ್ಲಿ ಬಿಳಿ ಮಚ್ಚೆಯಿರುವ ಪತಂಗಗಳು ಚೀಲಕ್ಕೆ ಬಿದ್ದಿದ್ದವು. ಕೂಡಲೇ ಸಾಲುಗಳಲ್ಲಿ ಬಗ್ಗಿ ನೋಡಿದಾಗ, ಸುಳಿಯೊಳಗೆ ಮರದ ಪುಡಿಯಂತಹ ಹಿಕ್ಕೆಯೂ, ತಲೆಯ ಮೇಲೆ ತಿರುವುಮುರುವಾದ ‘ವೈ’ ಗುರುತಿನ ಮರಿಹುಳುಗಳೂ ಸಿಕ್ಕಿದ್ದರಿಂದ ಬೇವಿನ ಕಷಾಯವನ್ನು ಸಕಾಲದಲ್ಲಿ ಸಿಂಪಡಿಸಲು ಸಾಧ್ಯವಾಯಿತು. ಆದರೆ ಬಲೆಗೆ ಬೀಳುವುದು ಗಂಡು ಪತಂಗ ಮಾತ್ರ, ಇದನ್ನೇ ಔಷಧವೆಂದು ನಂಬಿ ಕೂರುವಂತಿಲ್ಲ (ಅಂಗಡಿಯವರು ಹಾಗೆಂದೇ ಹೇಳಿ ಮಾರಿದರು!). ಬಲೆಯಲ್ಲಿಡುವ ಆ ಆಮಿಷದ, ಅಂದರೆ ಲ್ಯೂರ್‌ನ, ಪೊಟ್ಟಣದ ಮೇಲೆ ತಯಾರಿಕೆಯ ದಿನಾಂಕವೇ ಇರಲಿಲ್ಲ. ತಿಂಗಳಾಗುವಷ್ಟರಲ್ಲಿ ಬಲೆ ಬರಿದಾಯಿತು. ಹೊಸ ಲ್ಯೂರ್ ಹಾಕಿದ ಮೇಲೆಯೇ ಪತಂಗಗಳು ಮತ್ತೆ ಬೀಳತೊಡಗಿದವು.