ಅಜ್ಜನ ಕಾಲದ ಕೊಡಲಿಯನ್ನು ಗ್ರೈಂಡರ್ ಅಂಗಡಿಗೆ ಕೊಡಬೇಡಿ

ಮನೆಯಲ್ಲಿ ತುಕ್ಕು ಹಿಡಿದ ಹಳೆಯ ಕೊಡಲಿ ಇದ್ದರೆ, ಅದನ್ನು ಹೊಳೆಯಿಸಿ ಹೊಸ ಕಾವು (ಹಿಡಿಕೆ) ಹಾಕಿಕೊಡುತ್ತೇವೆ ಎನ್ನುವ ಗ್ರೈಂಡಿಂಗ್, ವೆಲ್ಡಿಂಗ್ ಅಂಗಡಿಗೆ ದಯವಿಟ್ಟು ಒಯ್ಯಬೇಡಿ. ಕಲಬುರಗಿಯ ಅಂಥದ್ದೊಂದು ಅಂಗಡಿಯಿಂದ ಬಂದ ನಮ್ಮ ಮನೆಯ ಕೊಡಲಿ, ಮಾಮಾ ಬೀಸಿದಾಗ ಕಾವು ಬಿಟ್ಟು ಹಾರಿತು. ಅಕ್ಕನ ಮಗನ ತಲೆ ಸವರಿದಂತೆ ಹೋಗಿ ಬದುವಿನ ಕಲ್ಲಿಗೆ ಬಡಿಯಿತು. ಹುಡುಗ ಕಟ್ಟಿಗೆ ಆಯಲು ಬಗ್ಗಿದ್ದಕ್ಕೆ ಉಳಿದ. ಅಂಗಡಿಯ ಹೆಸರು ಬರೆಯುವುದಿಲ್ಲ. ಇದೇ ಕೆಲಸವನ್ನು ಇದೇ ರೀತಿ ಮಾಡುವವರು ಬೇರೆಯವರೂ ಇದ್ದಾರೆ, ಹಾಗಾಗಿ ಹೆಸರಿಗಿಂತ ಏನು ಕೆಟ್ಟಿತು ಎನ್ನುವುದು ತಿಳಿಯುವುದು ಮುಖ್ಯ.

ನಮ್ಮದು ಚಿಂಚೋಳಿ ಕಡೆಯ ಊರು. ಕೊಡಲಿ ನಿಜಾಮರ ಕಾಲದ್ದು ಎಂದು ಅಜ್ಜ ಹೇಳುತ್ತಿದ್ದರು. ಅಂದರೆ 1948ಕ್ಕಿಂತ ಮುಂಚಿನದು. ಮಗ್ಗುಲಲ್ಲಿ ಶೆಫೀಲ್ಡ್ (ಉಕ್ಕಿಗೆ ಹೆಸರಾದ ಇಂಗ್ಲೆಂಡಿನ ಊರು), ಕಾಸ್ಟ್ ಸ್ಟೀಲ್ ಎಂದು ಇಂಗ್ಲಿಷಿನಲ್ಲಿ ಒತ್ತಿದ ಅಕ್ಷರಗಳಿದ್ದವು. ಮೂಸೆಯಲ್ಲಿ, ಅಂದರೆ ಬೆಂಕಿ ತಡೆಯುವ ಮಣ್ಣಿನ ಪಾತ್ರೆಯಲ್ಲಿ, ಕರಗಿಸಿ ತೆಗೆದ ಉಕ್ಕು ಎಂಬುದರ ಗುರುತು ಅದು. 1740ರ ಸುಮಾರಿಗೆ ಬೆಂಜಮಿನ್ ಹಂಟ್ಸ್‌ಮನ್ ಶೆಫೀಲ್ಡ್ ಭಾಗದಲ್ಲಿ ರೂಢಿಗೆ ತಂದ ವಿಧಾನ. ಹಳೆಯ ಕೊಡಲಿಗಳಲ್ಲಿ ಮೈಯೆಲ್ಲ ಮೆತ್ತನೆಯ ಕಬ್ಬಿಣ, ಬಾಯಿಗೆ (ಕಡಿಯುವ ಅಂಚಿಗೆ) ಮಾತ್ರ ಒಂದು ತುಂಡು ಉಕ್ಕನ್ನು ಬೆಸೆದಿರುವುದು ಸಾಮಾನ್ಯ. ನಮ್ಮ ಕಮ್ಮಾರರೂ ಹಾಗೆಯೇ ಮಾಡುತ್ತಿದ್ದರು. ಕೊಡಲಿಯ ಜೀವವೆಲ್ಲ ಆ ಕಿರಿದಾದ ಬಾಯಿಯಲ್ಲೇ ಇರುತ್ತದೆ.

"ಅಣ್ಣಾ, ಮಾರಿ ನೋಡ್ಕೋಬೇಕು, ಹಂಗ ಮಾಡಿ ಕೊಡ್ತೀನಿ ನೋಡ್ರಿ" ಎಂದಿದ್ದ ಅಂಗಡಿಯವನು ಮಾತಿಗೆ ತಪ್ಪಲಿಲ್ಲ. ನಿಜವಾಗಿಯೂ ಕನ್ನಡಿಯಂತೆ ಹೊಳೆಯುತ್ತಿತ್ತು. ಆದರೆ ಕೈ ಗ್ರೈಂಡರಿನಿಂದ ನೀರು ಹಾಕದೆ ಒಣದಾಗಿಯೇ ಉಜ್ಜಿದ್ದ. ಬಾಯಿಯ ಉಕ್ಕನ್ನು ಮೊದಲು ಕೆಂಪಗೆ ಕಾಯಿಸಿ, ಅದ್ದಿ ಗಟ್ಟಿ ಮಾಡಿ, ಆಮೇಲೆ ಮತ್ತೆ ಸ್ವಲ್ಪವೇ ಕಾಯಿಸಿ ಒಡೆಯದ ಹಾಗೆ ಹದಕ್ಕೆ ತಂದಿರುತ್ತಾರೆ. ಈ ಎರಡನೆಯ ಬಿಸಿ ಹೆಚ್ಚುಕಡಿಮೆ 220ರಿಂದ 280 ಡಿಗ್ರಿ ಸೆಲ್ಸಿಯಸ್ ಒಳಗಿನದು. ಉಜ್ಜಿದ ಉಕ್ಕು 230ರ ಹತ್ತಿರ ನಸುಹಳದಿ, 260ಕ್ಕೆ ಕಂದು, 280ಕ್ಕೆ ನೇರಳೆ, 300ಕ್ಕೆ ನೀಲಿ ಬಣ್ಣಕ್ಕೆ ತಿರುಗುತ್ತದೆ. ನೀಲಿ ದಾಟಿ ಬೂದು ಬಣ್ಣ ಬಂತೆಂದರೆ ಬಾಯಿ ಮೆತ್ತಗಾಯಿತು. ತೆಳ್ಳಗಿನ ಅಂಚಿಗೆ ಗ್ರೈಂಡರ್ ಚಕ್ರ ಒಂದೇ ಕಡೆ ಕೆಲವು ಕ್ಷಣ ತಾಗಿದರೂ ಇಷ್ಟು ಕಾಯುತ್ತದೆ. ಕೊಡಲಿಯ ಹಿಂಭಾಗ ಕೈಗೆ ಬೆಚ್ಚಗೂ ಆಗಿರುವುದಿಲ್ಲ, ಅಷ್ಟರಲ್ಲಿ ಬಾಯಿ ಹೋಗಿರುತ್ತದೆ.

ಇಲ್ಲೇ ಎಲ್ಲರೂ ಮೋಸ ಹೋಗುವುದು. ಆ ನೀಲಿ ಬಣ್ಣ ತೀರಾ ತೆಳುವಾದ ಪದರು. ಹೊಳಪು ಕೊಡುವ ಬಫಿಂಗ್ ಚಕ್ರಕ್ಕೆ ಹಿಡಿದರೆ ಅಳಿಸಿ ಬೆಳ್ಳಗಾಗುತ್ತದೆ. ಬಣ್ಣ ಹೋದ ಮಾತ್ರಕ್ಕೆ ಹದ ತಿರುಗಿ ಬರುವುದಿಲ್ಲ. ಹೊಳಪು ಹೆಚ್ಚಿದ್ದಷ್ಟೂ ಕೆಳಗೆ ಏನಾಗಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ನಮ್ಮ ಕೊಡಲಿ ಬದುವಿನ ಬಳ್ಳಾರಿ ಜಾಲಿಯ ಮೇಲೆ ಬಿದ್ದ ಮೊದಲ ದಿನವೇ ಬಾಯಿ ಮಡಚಿಕೊಂಡಿತು. ಒತ್ತಿದ ಅಕ್ಷರಗಳೂ ಆ ಹೊಳಪಿನ ಜೊತೆ ಪೂರ್ತಿ ಹೋದವು. ಅಜ್ಜ ಬೆರಳಿಟ್ಟು ತೋರಿಸುತ್ತಿದ್ದ ಅಕ್ಷರಗಳು. ಅವನ್ನು ಇನ್ನು ಯಾರೂ ಮರಳಿ ತರಲಾರರು, ನನಗೆ ಇವತ್ತಿಗೂ ಸಿಟ್ಟಿರುವುದು ಅದರ ಮೇಲೆಯೇ.

ಬಾಯಿ ಹಾಳಾದರೆ ಕಡಿತ ಮಾತ್ರ ಕೆಡುತ್ತದೆ. ಕಾವು ಹಾಳಾದರೆ ಜೀವಕ್ಕೇ ಅಪಾಯ.

ನಮ್ಮ ಕಡೆಯ ಕೊಡಲಿಯ ತೂತು ಹೆಚ್ಚಾಗಿ ದುಂಡಗಿರುತ್ತದೆ. ಕಾವನ್ನು ಮೇಲಿನಿಂದ ತೂರಿಸುತ್ತಾರೆ, ತಲೆಯ ಕಡೆ ಕಾವು ದಪ್ಪ. ಬೀಸಿದಷ್ಟೂ ಕೊಡಲಿ ಆ ದಪ್ಪ ತುದಿಗೆ ಬಿಗಿಯಾಗುತ್ತಾ ಹೋಗುತ್ತದೆ, ಬೆಣೆಯೇ ಬೇಕಿಲ್ಲ. ಶೆಫೀಲ್ಡ್ ಮಾದರಿಯ ತೂತು ಮೊಟ್ಟೆಯಾಕಾರದ್ದು. ಅದಕ್ಕೆ ಕಾವನ್ನು ಕೆಳಗಿನಿಂದ ಏರಿಸಬೇಕು. ಕಾವಿನ ತುದಿಯಲ್ಲಿ ಮೊದಲೇ ಗರಗಸದಿಂದ ಸೀಳು ಕೊಯ್ದು, ತೂತಿನ ಆಳದ ಮೂರರಲ್ಲಿ ಎರಡು ಪಾಲಿನಷ್ಟು, ಅದರೊಳಗೆ ಒಣಗಿದ ಕಟ್ಟಿಗೆಯ ಬೆಣೆ ಬಡಿಯಬೇಕು. ತಲೆ ನಿಲ್ಲುವುದು ಆ ಬೆಣೆಯಿಂದಲೇ. ಅಂಗಡಿಯವನು ಸೀಳೂ ಕೊಯ್ದಿರಲಿಲ್ಲ, ಬೆಣೆಯೂ ಇರಲಿಲ್ಲ. ಕೆಳಗಿನಿಂದ ತೂರಿಸಿ ಮೇಲೆ ಎರಡು ಮೊಳೆ ಹೊಡೆದು, ಅದರ ಮೇಲೆ ಕೆಂಪು ಬಣ್ಣ ಬಳಿದಿದ್ದ. ಮೊಳೆ ಕಟ್ಟಿಗೆಯನ್ನು ಬಿಗಿ ಮಾಡುವುದಿಲ್ಲ, ಸೀಳುತ್ತದೆ.

ಕಾವಿನ ಕಟ್ಟಿಗೆಯೂ ಹಸಿ. ಜಾಲಿ ಒಳ್ಳೆಯ ಕಟ್ಟಿಗೆಯೇ, ನಮ್ಮ ಭಾಗದಲ್ಲಿ ಬಂಡಿ ಗಾಲಿಯಿಂದ ಸಲಿಕೆ ಕಾವಿನವರೆಗೆ ಅದನ್ನೇ ಬಳಸಿದ್ದಾರೆ. ಆದರೆ ಕಡಿದು ನೆರಳಲ್ಲಿ ತಿಂಗಳುಗಟ್ಟಲೆ ಒಣಗಿರಬೇಕು. ಹಸಿ ಕಾವು ನಮ್ಮ 40 ಡಿಗ್ರಿ ದಾಟುವ ಬೇಸಿಗೆಗೆ ಕುಗ್ಗದೆ ಇರುವುದಿಲ್ಲ. ಸಡಿಲಾಗಿದೆ ಎಂದು ಫೋನ್ ಮಾಡಿದರೆ, "ರಾತ್ರಿ ನೀರಾಗ ಇಡ್ರಿ, ಮುಂಜಾನಿ ಬಿಗಿ ಆಗ್ತದ" ಎಂದ. ಈ ಸಲಹೆಯನ್ನು ಊರಲ್ಲೂ ಬಹಳ ಜನ ಕೊಡುತ್ತಾರೆ, ಅದಕ್ಕೇ ಒತ್ತಿ ಹೇಳುತ್ತೇನೆ. ನೀರಿಗೆ ಕಟ್ಟಿಗೆ ಉಬ್ಬುತ್ತದೆ, ಆದರೆ ಸುತ್ತಲೂ ಕಬ್ಬಿಣ ಇರುವುದರಿಂದ ಉಬ್ಬಲು ಜಾಗವಿಲ್ಲದೆ ಅದರ ನಾರು ಜಜ್ಜಿಹೋಗುತ್ತದೆ. ಒಣಗಿದ ಮೇಲೆ ಮೊದಲಿಗಿಂತ ಹೆಚ್ಚು ಸಡಿಲಾಗುತ್ತದೆ. ಮಾಮಾ ಬೀಸಿದ್ದು ಹಾಗೆ ಒಣಗಿದ ಕೊಡಲಿಯನ್ನು.

ಆಮೇಲೆ ಊರಿನ ಕಮ್ಮಾರ ಕಾಕಾನ ಹತ್ತಿರ ಒಯ್ದೆವು. ಬಾಯಿಗೆ ಅರ (ಕಬ್ಬಿಣ ತೀಡುವ ಫೈಲ್) ಹಚ್ಚಿ ನೋಡಿದರು. ಅರ ಸರಸರ ಕಚ್ಚಿತು. "ತಮ್ಮಾ, ಇದರ ಹದ ಪೂರಾ ಹೋಗ್ಯಾದ" ಎಂದರು. ಈ ಪರೀಕ್ಷೆಯನ್ನು ನೀವೂ ಮಾಡಬಹುದು. ಒಳ್ಳೆಯ ಅರದಿಂದ ಮೊದಲು ಕೊಡಲಿಯ ಮೈಯನ್ನು, ಆಮೇಲೆ ಬಾಯಿಯನ್ನು ತೀಡಿ. ಬಾಯಿಯ ಮೇಲೆ ಅರ ಜಾರಬೇಕು, ಇಲ್ಲವೇ ಕಷ್ಟಪಟ್ಟು ಕಚ್ಚಬೇಕು. ಎರಡೂ ಕಡೆ ಒಂದೇ ರೀತಿ ಕಚ್ಚಿದರೆ ಬಾಯಿ ಮೆತ್ತಗಾಗಿದೆ. ಅಂಚಿನಷ್ಟೇ ಕೆಟ್ಟಿದ್ದರೆ ಕೈ ಅರದಿಂದ ಅಷ್ಟನ್ನು ತೆಗೆದರೆ ಒಳ್ಳೆಯ ಉಕ್ಕು ಸಿಗುತ್ತದೆ. ನಮ್ಮದು ಅಷ್ಟಕ್ಕೆ ಮುಗಿಯಲಿಲ್ಲ. ಕುಲುಮೆಯಲ್ಲಿ ಮತ್ತೆ ಕಾಯಿಸಿ ಹದ ಕೊಡಬೇಕಾಯಿತು. ಹಳೆಯ ಬೆಸುಗೆಯ ಕೊಡಲಿಗೆ ಆ ಕೆಲಸ ಅಪಾಯದ್ದೇ, ಬಿರುಕು ಬಿಟ್ಟರೆ ಮುಗಿಯಿತು. ಬಿಡಲಿಲ್ಲ ಎನ್ನುವುದು ಕಾಕಾನ ಕೈಗುಣ.

ತುಕ್ಕು ತೆಗೆಯಲು ಗ್ರೈಂಡರ್ ಬೇಕಾಗಿಯೇ ಇಲ್ಲ. ಬಿಳಿ ವಿನೆಗರಿನಲ್ಲಿ ರಾತ್ರಿಯಿಡೀ ಮುಳುಗಿಸಿ, ತಂತಿ ಬ್ರಶ್ಶಿನಿಂದ ಉಜ್ಜಿ, ಅಡುಗೆ ಸೋಡಾ ನೀರಲ್ಲಿ ತೊಳೆದು, ಕೂಡಲೇ ಒರೆಸಿ ಎಣ್ಣೆ ಹಚ್ಚಿ. ಪಾಯಿಖಾನೆ ತೊಳೆಯುವ ಆಸಿಡ್ ಮಾತ್ರ ಹಾಕಬೇಡಿ, ಅದು ಉಕ್ಕನ್ನೇ ತಿನ್ನುತ್ತದೆ. ಹರಿತ ಮಾಡುವುದು ಅರ ಮತ್ತು ನೀರು ಹಾಕಿದ ಸಾಣೆಕಲ್ಲಿನಿಂದ.

ಕಾವು ಕೊಳ್ಳುವಾಗ ಬಣ್ಣ ಬಳಿದದ್ದನ್ನು ಮುಟ್ಟಬೇಡಿ, ಬಣ್ಣದ ಕೆಳಗೆ ಗಂಟು, ಬಿರುಕು ಎಲ್ಲ ಅಡಗುತ್ತವೆ. ತುದಿಯಲ್ಲಿ ಕಾಣುವ ಕಟ್ಟಿಗೆಯ ಗೆರೆಗಳು ಕೊಡಲಿಯ ಬಾಯಿ ನೋಡುವ ದಿಕ್ಕಿಗೇ ಹೋಗಬೇಕು, ಅಡ್ಡ ಬರಬಾರದು. ಕಾವಿಗೆ ಅಗಸೆ ಎಣ್ಣೆ ಉಣಿಸಿದರೆ ಒಳ್ಳೆಯದು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅಗಸೆ ಎಣ್ಣೆಯ ಬಟ್ಟೆ ತಾನಾಗಿಯೇ ಕಾದು ಹೊತ್ತಿಕೊಳ್ಳಬಹುದು. ಬಿಡಿಸಿ ಬಯಲಲ್ಲಿ ಒಣಹಾಕಿ.

ಈಗಾಗಲೇ ಕೊಡಲಿಯನ್ನು ಅಂಥ ಅಂಗಡಿಗೆ ಕೊಟ್ಟಿದ್ದರೆ, ದುಡ್ಡು ಕೊಡುವ ಮೊದಲು ಅಂಗಡಿಯವನ ಎದುರೇ ಅರ ಹಚ್ಚಿ ನೋಡಿ, ತಲೆಯ ಮೇಲ್ಭಾಗದಲ್ಲಿ ಬೆಣೆ ಇದೆಯೋ ಮೊಳೆ ಇದೆಯೋ ನೋಡಿ. ಮೊಳೆ ಕಂಡರೆ ಆ ಕಾವನ್ನು ಅಲ್ಲೇ ತೆಗೆಸಿ ಬರಿಯ ತಲೆಯನ್ನಷ್ಟೇ ಮನೆಗೆ ತನ್ನಿ.